ಟೇಬಲ್ ತೇಲಿಸಿದರೆ ಗುರುತ್ವದ ಅಳತೆ ಇನ್ನೂ ಕೆಡುತ್ತಿದೆ, ಯಾಕೆ?

ರುಬಿಡಿಯಂ ರಾತ್ರಿ: ಎಲ್ಲರಿಗೂ ನಮಸ್ಕಾರ. ರುಬಿಡಿಯಂ-87 ಪರಮಾಣು ಬೀಳಿಸಿ ಗುರುತ್ವ ಅಳೆಯುವ ಸೆಟಪ್ ನಮ್ಮದು. ಬೀಳುವ ಪರಮಾಣುಗಳ ಮೇಲೆ ಮೂರು ಸಲ ಮಿನುಗಿಸುವ ರಾಮನ್ ಲೇಸರ್ 780 ನ್ಯಾನೋಮೀಟರ್, ಒಂದು ಮಿನುಗಿನಿಂದ ಮುಂದಿನದಕ್ಕೆ (ಪಲ್ಸ್ ಅಂತರ) 60 ಮಿಲಿಸೆಕೆಂಡ್. ಲ್ಯಾಬ್ ಇರುವುದು ತುಮಕೂರು ರಸ್ತೆ ಪಕ್ಕ, ಒಂದನೇ ಮಹಡಿಯಲ್ಲಿ. ಹಗಲು ಫ್ರಿಂಜ್ (ಅಳತೆಯ ಚುಕ್ಕೆಗಳು ಸೇರಿ ಆಗಬೇಕಾದ ಅಲೆಯಂಥ ಗೆರೆ) ಅನ್ನೋದೇ ಇಲ್ಲ, ಚುಕ್ಕೆಗಳು ಚೆಲ್ಲಾಪಿಲ್ಲಿ. ಮೆಟ್ರೊ ನಿಂತಿತು ಅನ್ನುವಷ್ಟರಲ್ಲಿ ಲಾರಿ ಶುರು. ಆಪ್ಟಿಕಲ್ ಟೇಬಲ್‌ನ ಕಾಲಿಗೆ ಗಾಳಿ ತುಂಬಿದರೆ ಇನ್ನೂ ಹದಗೆಡುತ್ತದೆ. ಲೇಸರ್ ಮೇಲೆ ಅನುಮಾನ ಪಡಬೇಕಾ?

ಹಳೇ ಬೆಂಚು: ಮೊದಲು ಪಲ್ಸ್ ಅಂತರ 1 ಮಿಲಿಸೆಕೆಂಡಿಗೆ ಇಳಿಸಿ ನೋಡಿ. ಫ್ರಿಂಜ್ ನೀಟಾಗಿ ಬಂದರೆ ಲೇಸರ್, ಡಿಟೆಕ್ಷನ್ ಬಹುತೇಕ ಸರಿಯಿವೆ, ಕಂಪನದ್ದೇ ಕಾಟ.

ನೀವು ಅಳೆಯುತ್ತಿರುವುದು ಲೇಸರನ್ನು ವಾಪಸ್ ಕಳಿಸುವ ಕನ್ನಡಿಗೆ ಹೋಲಿಸಿ ಪರಮಾಣು ಎಷ್ಟು ಬಿತ್ತು ಅಂತ. ಪಲ್ಸ್‌ಗಳ ನಡುವೆ ಕನ್ನಡಿ 390 ನ್ಯಾನೋಮೀಟರ್ ಅಲುಗಿದರೂ ಒಂದು ಪೂರ್ತಿ ಫ್ರಿಂಜ್ ಹೋಯ್ತು. ಗಾಳಿ ಕಾಲು 10 ಹರ್ಟ್ಸ್ ಮೇಲಿನದನ್ನು ಚೆನ್ನಾಗಿ ತಡೆಯುತ್ತದೆ. ಆದರೆ ಅದರ ಸ್ವಂತ ಅನುರಣನೆ (ತಾನಾಗೇ ತೂಗಾಡುವ ಗತಿ) 1–2 ಹರ್ಟ್ಸ್ ಆಸುಪಾಸು. ಅಲ್ಲಿ ತಡೆಯೋದಿರಲಿ, ಅಲುಗಾಟ ಜಾಸ್ತಿ ಮಾಡುತ್ತದೆ. ನಿಮ್ಮ ಪಲ್ಸ್ ಅಂತರಕ್ಕೆ ಸುಮಾರು 8 ಹರ್ಟ್ಸ್ ಕೆಳಗಿನ ಅಲುಗಾಟವೆಲ್ಲ ಗುರುತ್ವದ ಥರಾನೇ ಕಾಣುತ್ತದೆ. ಗಾಳಿ ಬಿಟ್ಟುಬಿಡಿ.

ತೂಕದ ಕಲ್ಲು: ನಿರ್ವಾತದ ರೋಟರಿ ಪಂಪ್ ಎಲ್ಲಿಟ್ಟಿದ್ದೀರಿ? 60 ಮಿಲಿಸೆಕೆಂಡಿನಲ್ಲಿ 50 ಹರ್ಟ್ಸ್ ಕಂಪನ ಸರಿಯಾಗಿ ಮೂರು ಸುತ್ತು ಮುಗಿಸುತ್ತದೆ, ಹಾಗಾಗಿ ತಾನಾಗೇ ರದ್ದು. ಪಂಪಿನ 1440 ಆರ್‌ಪಿಎಂ ಮೋಟಾರಿನದು 24 ಹರ್ಟ್ಸ್. ಅದಕ್ಕೆ ಈ ರಿಯಾಯಿತಿ ಇಲ್ಲ.

ರುಬಿಡಿಯಂ ರಾತ್ರಿ: 1 ಮಿಲಿಸೆಕೆಂಡಿಗೆ ಫ್ರಿಂಜ್ ಗೆರೆ ಎಳೆದ ಹಾಗಿದೆ. ಪಂಪನ್ನು ಕಾರಿಡಾರಿಗೆ ಹಾಕಿದ್ದೇವೆ, ಸ್ವಲ್ಪ ಪರವಾಗಿಲ್ಲ. ಮುಂದೇನು? ಕಂಪನ ತಡೆಯುವ ದುಬಾರಿ ಪ್ಲಾಟ್‌ಫಾರ್ಮ್‌ಗೆ ದುಡ್ಡಿಲ್ಲ.

ಹಳೇ ಬೆಂಚು: ದುಡ್ಡಿದ್ದರೆ ಕನ್ನಡಿಯೊಂದನ್ನೇ 0.5 ಹರ್ಟ್ಸ್ ಅನುರಣನೆಯ ಪ್ಲಾಟ್‌ಫಾರ್ಮ್ ಮೇಲೆ ಕೂರಿಸಿ ಅನ್ನುತ್ತಿದ್ದೆ. ಇಲ್ಲದಿದ್ದರೆ ಸೀಸ್ಮೋಮೀಟರ್ (ನೆಲದ ಅಲುಗಾಟ ಅಳೆಯುವ ಉಪಕರಣ) ಯಾರ ಹತ್ತಿರವಾದರೂ ಎರವಲು ತನ್ನಿ. ನೆಲದ ಮೇಲೆ ಸುಮ್ನೆ ಇಟ್ಟರೆ ಉಪಯೋಗವಿಲ್ಲ, ಕನ್ನಡಿ ಅದರ ತಲೆ ಮೇಲೇ ಕೂರಬೇಕು. ಅದು ಕೊಡುವ ವೇಗದಿಂದ ವೇಗೋತ್ಕರ್ಷ ತೆಗೆಯಿರಿ. ಅದನ್ನು ತ್ರಿಕೋನಾಕಾರದ ತೂಕದಿಂದ ಗುಣಿಸಿ ಕೂಡಿಸಿ: ಮೊದಲ ಪಲ್ಸ್‌ಗೆ ಸೊನ್ನೆ, ನಡುವಿನದಕ್ಕೆ ಗರಿಷ್ಠ, ಕೊನೆಯದಕ್ಕೆ ಮತ್ತೆ ಸೊನ್ನೆ. ಬಂದ ಫೇಸನ್ನು, ಅಂದರೆ ಅಲುಗಾಟದಿಂದ ಫ್ರಿಂಜ್ ಎಷ್ಟು ಸರಿಯಿತು ಅನ್ನೋದನ್ನು, ಪ್ರತಿ ಶಾಟಿಗೂ (ಒಂದೊಂದು ಅಳತೆಗೂ) ಸರಿಹೊಂದಿಸಿ. ಉಪಕರಣದ ವಿಳಂಬವನ್ನೂ ಲೆಕ್ಕಕ್ಕೆ ಹಿಡಿಯಿರಿ, ಇಲ್ಲದಿದ್ದರೆ ತಿದ್ದಿದಷ್ಟೂ ಕೆಡುತ್ತದೆ.

ರುಬಿಡಿಯಂ ರಾತ್ರಿ: ಕೆಲಸ ಮಾಡ್ತು! ಲಾರಿ ಹೋಗುವಾಗಲೂ ಚುಕ್ಕೆಗಳು ಸೈನ್ ಗೆರೆ ಮೇಲೇ ಕೂರುತ್ತಿವೆ. ಸೀಸ್ಮೋಮೀಟರಿನ ದಪ್ಪ ಕೇಬಲ್ ಮಾತ್ರ ಕನ್ನಡಿಯನ್ನು ಎಳೆಯುತ್ತಿರುವಂತಿದೆ. ತೆಳ್ಳಗಿನ, ಮೆತ್ತಗಿನ ವೈರ್ ಬೆಂಗಳೂರಿನ ಎಸ್‌ಪಿ ರೋಡ್ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುತ್ತಾ?

ತೂಕದ ಕಲ್ಲು: ಸಿಗುತ್ತೆ. ಭಾನುವಾರ ಹೋಗಬೇಡಿ, ಅಂಗಡಿಗಳು ಬಹುತೇಕ ಮುಚ್ಚಿರುತ್ತವೆ.