ಸರಪಳಿಗೆ ಐವತ್ತು ರೂಪಾಯಿ: ಪ್ರಾಣಿಹಿಂಸೆಯ ಶಿಕ್ಷೆ ಕುರಿತು ವಕೀಲರಿಗೆ ಪ್ರಶ್ನೆಗಳು

ನಿರ್ವಾಹಕರು: ಪ್ರಾಣಿಹಿಂಸೆಗೆ ಈಗಿರುವ ಶಿಕ್ಷೆ ಎಷ್ಟು, ನ್ಯಾಯವಾಗಿ ಎಷ್ಟಿರಬೇಕು ಎಂಬ ಚರ್ಚೆ ಗುಂಪಿನಲ್ಲಿ ಒಂದು ವಾರದಿಂದ ನಡೆದಿದೆ. ಇಂತಹ ಮೊಕದ್ದಮೆಗಳನ್ನು ನಡೆಸುವ ನಮ್ಮ ವಕೀಲ ಸದಸ್ಯೆ ಇಂದು ಸಂಜೆ ಉತ್ತರಿಸಲು ಒಪ್ಪಿದ್ದಾರೆ. ಕೇಳಿದ್ದನ್ನೇ ಮತ್ತೆ ಕೇಳದಿರಲು ವಿನಂತಿ.

ದಾವಣಗೆರೆಯ ಸದಸ್ಯ: ನಮಸ್ಕಾರ ಮೇಡಂ. ಬೀದಿನಾಯಿಗೆ ವಿಷ ಹಾಕಿದವರಿಗೆ ಎಷ್ಟು ವರ್ಷ ಶಿಕ್ಷೆಯಾಗುತ್ತದೆ?

ವಕೀಲರು: ನಮಸ್ಕಾರ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಕಲಂ 325ರಂತೆ ಯಾವುದೇ ಪ್ರಾಣಿಯನ್ನು ಕೊಂದರೆ, ವಿಷವಿಕ್ಕಿದರೆ ಅಥವಾ ಅಂಗಹೀನಗೊಳಿಸಿದರೆ ಐದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ‘ವರೆಗೆ’ ಎಂಬುದನ್ನು ಗಮನಿಸಿ. ಕನಿಷ್ಠ ಇಷ್ಟು ಎಂಬುದು ಇಲ್ಲ. ಹಳೆಯ ದಂಡ ಸಂಹಿತೆಯ 428 ಮತ್ತು 429ರಲ್ಲಿ ಸತ್ತ ಪ್ರಾಣಿ ಹತ್ತು ರೂಪಾಯಿ ಬಾಳುತ್ತದೆಯೋ ಐವತ್ತು ರೂಪಾಯಿ ಬಾಳುತ್ತದೆಯೋ ಎಂದು ಅಳೆಯಬೇಕಾಗಿತ್ತು. ಆ ಅಳತೆಯಾದರೂ ಈಗ ಹೋಗಿದೆ.

ತುಮಕೂರಿನ ಸದಸ್ಯೆ: ಮೇಡಂ, ನಮ್ಮ ಪಕ್ಕದ ಮನೆಯವರು ತಾರಸಿಯ ಮೇಲೆ ನಾಯಿಯೊಂದನ್ನು ಎರಡು ವರ್ಷದಿಂದ ಮೊಳದುದ್ದದ ಸರಪಳಿಯಲ್ಲಿ ಕಟ್ಟಿದ್ದಾರೆ. ಬಿಸಿಲಿಗೆ ನೆರಳಿಲ್ಲ, ಕೆಲವು ದಿನ ನೀರೂ ಇರುವುದಿಲ್ಲ, ಪಕ್ಕೆಲುಬುಗಳನ್ನು ಎಣಿಸಬಹುದು. ಠಾಣೆಗೆ ಹೋದರೆ ‘ಅವರ ನಾಯಿ, ಅವರಿಷ್ಟ’ ಎಂದು ಕಳುಹಿಸಿದರು. ಇದಕ್ಕೆ ಶಿಕ್ಷೆಯೇ ಇಲ್ಲವೇ?

ವಕೀಲರು: ಇಂದು ಬಂದಿರುವ ಪ್ರಶ್ನೆಗಳಲ್ಲಿ ನನ್ನನ್ನು ಹೆಚ್ಚು ಕಾಡುತ್ತಿರುವುದು ತಮ್ಮದೇ ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಶಿಕ್ಷೆ ಇದೆ. ಪ್ರಾಣಿಹಿಂಸೆ ತಡೆ ಕಾಯ್ದೆ, 1960ರ ಕಲಂ 11ರಲ್ಲಿ ಗಿಡ್ಡ ಸರಪಳಿಯಲ್ಲಿ ವಿಪರೀತ ಹೊತ್ತು ಕಟ್ಟುವುದು, ಸದಾ ಕಟ್ಟಿದ ನಾಯಿಯನ್ನು ಓಡಾಡಿಸದಿರುವುದು, ಸಾಕಷ್ಟು ಅನ್ನ, ನೀರು, ಆಸರೆ ಕೊಡದಿರುವುದು, ಈ ಮೂರನ್ನೂ ಬೇರೆಬೇರೆಯಾಗಿ ಅಪರಾಧವೆಂದು ಹೆಸರಿಸಲಾಗಿದೆ. ಆದರೆ ಮೊದಲ ಬಾರಿ ತಪ್ಪು ಮಾಡಿದವನಿಗೆ ದಂಡ ಹತ್ತು ರೂಪಾಯಿಗಿಂತ ಕಡಿಮೆಯಿಲ್ಲದಂತೆ, ಐವತ್ತು ರೂಪಾಯಿ ಮೀರದಂತೆ. ಮೂರು ವರ್ಷದೊಳಗೆ ಅದೇ ತಪ್ಪಿಗೆ ಮತ್ತೆ ಸಿಕ್ಕಿಬಿದ್ದರೆ ಇಪ್ಪತ್ತೈದರಿಂದ ನೂರು ರೂಪಾಯಿ ದಂಡ, ಅಥವಾ ಮೂರು ತಿಂಗಳವರೆಗಿನ ಜೈಲು, ಅಥವಾ ಎರಡೂ. ಈ ಅಂಕಿಗಳು ದಶಕಗಳಿಂದ ಅಲ್ಲೇ ನಿಂತಿವೆ. ಇದು ಅಸಂಜ್ಞೇಯ ಅಪರಾಧವಾದ್ದರಿಂದ ಮ್ಯಾಜಿಸ್ಟ್ರೇಟರ ಅಪ್ಪಣೆಯಿಲ್ಲದೆ ಪೊಲೀಸರು ತನಿಖೆಗೆ ಇಳಿಯುವಂತಿಲ್ಲ. ಠಾಣೆಯವರ ಮಾತಿನಲ್ಲಿ ‘ಅವರಿಷ್ಟ’ ಎಂಬುದು ತಪ್ಪು, ಕೈಕಟ್ಟಿ ಕೂತದ್ದಕ್ಕೆ ಮಾತ್ರ ಅರ್ಧ ಕಾರಣವಿದೆ.

ಹಾಗಾದರೆ ಐದು ವರ್ಷದ 325 ಏಕೆ ಬೇಡ ಎಂದು ತಾವು ಕೇಳಬಹುದು. ಆ ಕಲಂ ನಿಂತಿರುವುದು ಪ್ರಾಣಿಯ ನೋವಿನ ಮೇಲಲ್ಲ, ಸ್ವತ್ತಿನ ನಷ್ಟದ ಮೇಲೆ. ಇನ್ನೊಬ್ಬರಿಗೆ ಅಥವಾ ಸಾರ್ವಜನಿಕರಿಗೆ ನಷ್ಟ ಮಾಡುವ ಉದ್ದೇಶ, ಇಲ್ಲವೇ ನಷ್ಟವಾಗಬಹುದೆಂಬ ಅರಿವು ಇತ್ತೆಂದು ತೋರಿಸಬೇಕು. ತನ್ನದೇ ನಾಯಿಯನ್ನು ಉಪವಾಸ ಕೆಡವಿದವನ ವಿರುದ್ಧ ಅದನ್ನು ಸಾಬೀತುಪಡಿಸುವುದು ಬಹಳ ಕಷ್ಟ. ಹೀಗಾಗಿ ನೆರೆಯವನ ನಾಯಿಯನ್ನು ಒಂದೇ ಏಟಿಗೆ ಕೊಂದವನು ಐದು ವರ್ಷದ ಕಲಮಿಗೆ ಸಿಗುತ್ತಾನೆ, ತನ್ನ ನಾಯಿಯನ್ನು ಎರಡು ವರ್ಷ ಇಂಚಿಂಚಾಗಿ ಸಾಯಿಸಿದವನು ಐವತ್ತು ರೂಪಾಯಿ ಕಟ್ಟಿ ಮನೆಗೆ ಹೋಗುತ್ತಾನೆ. ನ್ಯಾಯವಾದ ಶಿಕ್ಷೆಯ ಮಾತನ್ನು ನಾವು ಇಲ್ಲಿಂದ ಶುರುಮಾಡಬೇಕಿತ್ತು.

ಈಗ ಮಾಡಬೇಕಾದದ್ದು. ಲಿಖಿತ ದೂರು ಕೊಟ್ಟು ಹಿಂಬರಹ ಪಡೆಯಿರಿ. ಕಲಂ 34ರಂತೆ ಕಾನ್‌ಸ್ಟೇಬಲ್‌ಗಿಂತ ಮೇಲಿನ ದರ್ಜೆಯ ಪೊಲೀಸ್ ಅಧಿಕಾರಿ ಪ್ರಾಣಿಯನ್ನು ವಶಕ್ಕೆ ಪಡೆದು ಮ್ಯಾಜಿಸ್ಟ್ರೇಟರ ಅಥವಾ ಪಶುವೈದ್ಯಾಧಿಕಾರಿಯ ಮುಂದೆ ಹಾಜರುಪಡಿಸಬಹುದು. ಅದನ್ನು ದೂರಿನಲ್ಲಿಯೇ ಕೇಳಿ. ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರು. ಘಟನೆ ನಡೆದ ಮೂರು ತಿಂಗಳ ನಂತರ ಈ ಕಾಯ್ದೆಯಡಿ ಮೊಕದ್ದಮೆ ಹೂಡಲಾಗದು, ಆದ್ದರಿಂದ ಇತ್ತೀಚಿನ ದಿನಾಂಕಗಳನ್ನೇ ಬರೆಯಿರಿ. ಎಲ್ಲಕ್ಕಿಂತ ಮುಖ್ಯವಾದದ್ದು ಕಲಂ 29: ಮತ್ತೆ ಹಿಂಸೆಯಾಗುವ ಸಂಭವವಿದೆ ಎಂದು ಮನವರಿಕೆಯಾದರೆ ನ್ಯಾಯಾಲಯವು ಅಪರಾಧಿಯಿಂದ ಪ್ರಾಣಿಯ ಒಡೆತನವನ್ನೇ ಕಿತ್ತುಕೊಳ್ಳಬಹುದು, ಮುಂದೆ ಪ್ರಾಣಿಗಳನ್ನು ಇಟ್ಟುಕೊಳ್ಳದಂತೆ ನಿರ್ಬಂಧಿಸಲೂಬಹುದು. ‘ಎಷ್ಟು ವರ್ಷ’ ಎಂದು ಎಲ್ಲರೂ ಕೇಳುತ್ತಾರೆ. 29ನ್ನು ನನ್ನ ಬಳಿ ಯಾರೂ ಕೇಳಿದ್ದಿಲ್ಲ. ಐವತ್ತು ರೂಪಾಯಿಯ ಆ ತೀರ್ಪನ್ನೂ ಕಡೆಗಣಿಸಬೇಡಿ, ಮುಂದಿನ ಬಾರಿಯ ಜೈಲಿಗೆ ಬಾಗಿಲು ಅದೇ.

ಹುಬ್ಬಳ್ಳಿಯ ಸದಸ್ಯ: ಈಗಷ್ಟೇ ಬಂದ ಸಂದೇಶವನ್ನು ಹಂಚುತ್ತಿದ್ದೇನೆ: ‘ಹೊಸ ಕಾನೂನು ಜಾರಿ! ಪ್ರಾಣಿಗೆ ಹೊಡೆದರೆ 75,000 ರೂಪಾಯಿ ದಂಡ, 5 ವರ್ಷ ಜಾಮೀನಿಲ್ಲದ ಜೈಲು. ಇದನ್ನು ಠಾಣೆಯಲ್ಲಿ ತೋರಿಸಿದರೆ ತಕ್ಷಣ ಬಂಧಿಸಲೇಬೇಕು.’

ವಕೀಲರು: ಇದು ಕಾನೂನಲ್ಲ. 2022ರ ನವೆಂಬರಿನಲ್ಲಿ ಕೇಂದ್ರವು ಸಾರ್ವಜನಿಕರ ಅಭಿಪ್ರಾಯಕ್ಕಾಗಿ ಪ್ರಕಟಿಸಿದ ತಿದ್ದುಪಡಿ ಕರಡಿನ ಚೂರುಗಳನ್ನು ಯಾರೋ ಹೊಲಿದಿದ್ದಾರೆ. ಘೋರ ಕ್ರೌರ್ಯಕ್ಕೆ ಒಂದರಿಂದ ಮೂರು ವರ್ಷ, ಕೊಂದರೆ ಐದು ವರ್ಷದವರೆಗೆ ಎಂದು ಆ ಕರಡಿನಲ್ಲಿತ್ತು; ಅದು ಕಾಯ್ದೆಯಾಗಿಲ್ಲ. 325 ಸಹ ಜಾಮೀನು ಸಿಗುವ ಅಪರಾಧವೇ. ಇಂತಹ ಸಂದೇಶ ಹಿಡಿದು ಠಾಣೆಗೆ ಹೋದರೆ ನಿಜವಾದ ದೂರೂ ನಗೆಪಾಟಲಾಗುತ್ತದೆ.

ದಾವಣಗೆರೆಯ ಇನ್ನೊಬ್ಬ ಸದಸ್ಯ: ಬೆಕ್ಕಿಗೆ ವಿಷ ಹಾಕಿದರೆ ಎಷ್ಟು ವರ್ಷ, ಮೇಡಂ?

ವಕೀಲರು: ಮೊದಲ ಉತ್ತರವನ್ನು ಓದಿ.

ಚಾಮರಾಜನಗರದ ಸದಸ್ಯ: 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದ ಕಾಡಿನಲ್ಲಿ ತಾಯಿಹುಲಿ, ನಾಲ್ಕು ಮರಿಗಳು ವಿಷಕ್ಕೆ ಸತ್ತವು. ಅಲ್ಲಿ ಶಿಕ್ಷೆ ಬೇರೆಯೇ?

ವಕೀಲರು: ಬೇರೆ. ಹುಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಮೊದಲ ಅನುಸೂಚಿಯಲ್ಲಿ, ಅಂದರೆ ಅತಿ ಹೆಚ್ಚು ರಕ್ಷಣೆಯ ಪ್ರಾಣಿಗಳ ಪಟ್ಟಿಯಲ್ಲಿ ಇರುವುದರಿಂದ ಕನಿಷ್ಠ ಮೂರು ವರ್ಷ, ಗರಿಷ್ಠ ಏಳು ವರ್ಷ ಜೈಲು, ಜೊತೆಗೆ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ಅಲ್ಲಿ ಕಾನೂನು ಕಾಯುತ್ತಿರುವುದು ಕಾಡಿನ ಸಂತತಿಯನ್ನು. ವಿಷದಿಂದಾಗುವ ಸಂಕಟ ಹುಲಿಗೂ ನಾಯಿಗೂ ಒಂದೇ ಎಂಬುದನ್ನು ಯಾವ ಅನುಸೂಚಿಯೂ ಹೇಳುವುದಿಲ್ಲ.

ಹುಬ್ಬಳ್ಳಿಯ ಸದಸ್ಯ: ಹಾಗಿದ್ದರೆ ಎಲ್ಲ ಪ್ರಾಣಿಗಳಿಗೂ ಕನಿಷ್ಠ ಹತ್ತು ವರ್ಷ ಮಾಡಲಿ.

ವಕೀಲರು: ಒಪ್ಪುವುದಿಲ್ಲ. ಹೊಟ್ಟೆಪಾಡಿಗೆ ಎತ್ತಿನ ಗಾಡಿಗೆ ಹೆಚ್ಚು ಹೇರು ಹೇರಿದವನನ್ನೂ ಮೋಜಿಗಾಗಿ ಬೆಕ್ಕಿಗೆ ಬೆಂಕಿಯಿಟ್ಟು ವಿಡಿಯೊ ಮಾಡಿದವನನ್ನೂ ಒಂದೇ ಹಗ್ಗದಲ್ಲಿ ಕಟ್ಟುವ ಕನಿಷ್ಠ ಶಿಕ್ಷೆ ನನಗೆ ಬೇಡ. ಮೊದಲನೆಯವನಿಗೆ ಮೈಮುಟ್ಟುವಷ್ಟು ದಂಡ, ಎತ್ತಿಗೆ ಚಿಕಿತ್ಸೆಯ ವೆಚ್ಚ. ಎರಡನೆಯವನಿಗೆ ಮೊದಲ ಬಾರಿಗೇ ಜೈಲು, ಒಂದರಿಂದ ಮೂರು ವರ್ಷ. ಕೇಳಿಸಿಕೊಳ್ಳಲು ಇದು ಸಪ್ಪೆ ಎನಿಸಬಹುದು.

ಮೈಸೂರಿನ ಸದಸ್ಯ: ನಾಯಿ ಕಚ್ಚಿ ಮಕ್ಕಳು ಆಸ್ಪತ್ರೆ ಸೇರುತ್ತಿರುವಾಗ ನಾಯಿಗೆ ಹೊಡೆದವರ ಜೈಲಿನ ಲೆಕ್ಕ ಹಾಕುತ್ತಿದ್ದೀರಲ್ಲ, ಕಚ್ಚಿದ ನಾಯಿಗೆ ಯಾವ ಕಲಂ?

ಹುಬ್ಬಳ್ಳಿಯ ಸದಸ್ಯ: ತಮ್ಮಂಥವರೇ ವಿಷ ಹಾಕುವುದು.

ಮೈಸೂರಿನ ಸದಸ್ಯ: ಆರೋಪಿಸುವಾಗ ನಾಲಿಗೆಯ ಮೇಲೆ ಹಿಡಿತವಿರಲಿ. ಭಾನುವಾರ ಕೋಳಿ ತಿನ್ನುವ ತಮಗೆ ನಾಯಿಯ ಮೇಲೆ ಮಾತ್ರ ದಯೆಯೇ?

ಮಂಗಳೂರಿನ ಸದಸ್ಯ: ಮುಂದಿನ ಮಾತು ಕಂಬಳಕ್ಕೇ ಬರುತ್ತದೆ ಎಂದು ಗೊತ್ತು. ಕೋಣಗಳನ್ನು ಮಕ್ಕಳಿಗಿಂತ ಚೆನ್ನಾಗಿ ಸಾಕುವವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ.

ವಕೀಲರು: ಕಂಬಳಕ್ಕೆ ಅವಕಾಶ ಕೊಟ್ಟ ಕರ್ನಾಟಕದ 2017ರ ತಿದ್ದುಪಡಿಯನ್ನು ಸುಪ್ರೀಂ ಕೋರ್ಟ್ 2023ರ ಮೇ 18ರಂದು ಎತ್ತಿಹಿಡಿದಿದೆ. ಮೈಸೂರಿನವರಿಗೆ: ಮಗುವಿನ ರಕ್ಷಣೆ ಸ್ಥಳೀಯ ಸಂಸ್ಥೆಯ ಹೊಣೆ, ಸಂತಾನಹರಣ ಮತ್ತು ಲಸಿಕೆ ಅದರ ದಾರಿ, ವಿಷ ಯಾವ ಕಾನೂನಿನಲ್ಲೂ ದಾರಿಯಲ್ಲ. 2021ರಲ್ಲಿ ಭದ್ರಾವತಿ ತಾಲೂಕಿನಲ್ಲಿ ನೂರಕ್ಕೂ ಹೆಚ್ಚು ನಾಯಿಗಳನ್ನು ಕೊಂದು ಹೂತದ್ದು ನೆನಪಿರಲಿ.

ಮೈಸೂರಿನ ಸದಸ್ಯ: ವಿಷ ಬೇಡವೆಂದರೆ ನಾಯಿ ಬಾರದಂತೆ ಫಿನಾಯಿಲ್ ಕಲಸಿದ ಅನ್ನವನ್ನು ಗೇಟಿನ ಬಳಿ ಇಡಬಹುದಂತೆ, ಅದೂ ಒಂದು ಸಂದೇಶದಲ್ಲಿ ಬಂದಿದೆ.

ವಕೀಲರು: ಅದೂ ವಿಷವಿಕ್ಕುವುದೇ, ಇಡೀ ಗುಂಪಿನ ಮುಂದೆ ಬರೆದು ಸಾಕ್ಷ್ಯವನ್ನೂ ತಾವೇ ಒದಗಿಸಿದ್ದೀರಿ. ಆ ಸಂದೇಶವನ್ನು ಅಳಿಸಿ. ಗೇಟಿಗೆ ನೀಲಿ ನೀರಿನ ಬಾಟಲಿ ಕಟ್ಟಿಕೊಳ್ಳಿ, ನಾಯಿ ಹೆದರುವುದಿಲ್ಲ, ಕಾನೂನೂ ಮುರಿಯುವುದಿಲ್ಲ.

ಶಿರಸಿಯ ಶಿಕ್ಷಕಿ: ಎರಡು ಬಾರಿ ಕೇಳಿದೆ, ಸಂದೇಶ ಮೇಲೆ ಹೋಗಿರಬೇಕು. ಎಂಟನೆಯ ತರಗತಿಯ ಇಬ್ಬರು ಹುಡುಗರು ದೀಪಾವಳಿಯಲ್ಲಿ ನಾಯಿಮರಿಯ ಬಾಲಕ್ಕೆ ಪಟಾಕಿ ಕಟ್ಟಿದ್ದರು.

ಹುಬ್ಬಳ್ಳಿಯ ಸದಸ್ಯ: ಒಳಗೆ ಹಾಕಿಸಿ, ಬುದ್ಧಿ ಬರುತ್ತದೆ.

ವಕೀಲರು: ಹದಿಮೂರು ವರ್ಷದ ಮಕ್ಕಳಿಗೆ ಜೈಲಿಲ್ಲ. ಬಾಲನ್ಯಾಯ ಕಾಯ್ದೆ, 2015ರಂತೆ ಮಂಡಳಿಯು ಎಚ್ಚರಿಕೆ, ಆಪ್ತಸಮಾಲೋಚನೆ, ಸಮುದಾಯ ಸೇವೆಗೆ ಆದೇಶಿಸಬಹುದು. ವಿಚಿತ್ರವೆಂದರೆ ದೊಡ್ಡವರಿಗೆ ಈ ಅಪರಾಧದಲ್ಲಿ ಸಮುದಾಯ ಸೇವೆಯ ಶಿಕ್ಷೆಯೇ ಇಲ್ಲ. ನ್ಯಾಯ ಸಂಹಿತೆ ಅದನ್ನು ಕೆಲವೇ ಸಣ್ಣ ಅಪರಾಧಗಳಿಗೆ ಇಟ್ಟಿದೆ. ಹುಬ್ಬಳ್ಳಿಯವರೇ, ಉತ್ತರಿಸಲು ನಾನಿದ್ದೇನೆ.

ಬೆಳಗಾವಿಯ ಸದಸ್ಯ: ಜಾತ್ರೆಯಲ್ಲಿ ಟಗರಿನ ಕಾಳಗ ಆಡಿಸುವವರಿಗೆ ಏನು ಶಿಕ್ಷೆ?

ದಾವಣಗೆರೆಯ ಸದಸ್ಯ: ಒಟ್ಟಿನಲ್ಲಿ ಎಷ್ಟು ವರ್ಷ ಎಂದು ಒಂದು ಸಾಲಿನಲ್ಲಿ ಹೇಳಿಬಿಡಿ ಮೇಡಂ.

ನಿರ್ವಾಹಕರು: ಇನ್ನೊಂದು ಪ್ರಶ್ನೆಯ ನಂತರ ಮುಗಿಸೋಣ. ಮೈಸೂರು ಮತ್ತು ಹುಬ್ಬಳ್ಳಿಯ ಸದಸ್ಯರು ನಾಳೆಯವರೆಗೆ ಬರೆಯುವಂತಿಲ್ಲ.

ತುಮಕೂರಿನ ಸದಸ್ಯೆ: ಮೇಡಂ, ಪಕ್ಕದ ಮನೆಯವರೊಂದಿಗೆ ವೈರ ಬೇಡವೆಂದು ನಮ್ಮ ಯಜಮಾನರು ಹೇಳುತ್ತಿದ್ದಾರೆ. ನನ್ನ ಹೆಸರು ಹೊರಗೆ ಬರುತ್ತದೆಯೇ?

ವಕೀಲರು: ತಾವು ದೂರುದಾರರಾದರೆ ಬಂದೇ ಬರುತ್ತದೆ, ಮೊದಲ ಸಾಕ್ಷಿ ತಾವೇ. ಪ್ರಾಣಿದಯಾ ಸಂಘದವರು ಸಂಘದ ಹೆಸರಿನಲ್ಲೇ ದೂರು ಕೊಡಬಹುದು, ಆದರೆ ಅವರಿಗೆ ಸಾಕ್ಷ್ಯ ಬೇಕು. ನಾಳೆಯಿಂದ ನಿಮ್ಮ ತಾರಸಿಯಲ್ಲಿ ನಿಂತೇ, ಪ್ರತಿದಿನ ಒಂದೇ ಹೊತ್ತಿಗೆ, ಒಂದೇ ಜಾಗದಿಂದ ಚಿತ್ರ ತೆಗೆಯಿರಿ. ನೀರಿನ ಪಾತ್ರೆ ಮತ್ತು ಸರಪಳಿಯ ಎರಡೂ ತುದಿಗಳು ಚಿತ್ರದಲ್ಲಿ ಕಾಣಬೇಕು.