1650 ಕಾರ್ಡಿಗೆ 144 ಹರ್ಟ್ಸ್ ಮಾನಿಟರ್ ತಗೊಂಡರೆ ದುಡ್ಡು ದಂಡ ಅಲ್ವಾ?

ಕಬ್ಬಿನಗದ್ದೆ_ಗೇಮರ್ (ಮಂಡ್ಯ)
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಇರುವುದು ಐ5 10400ಎಫ್ ಪ್ರೊಸೆಸರ್, ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡು, 8 ಜಿಬಿ ರ‍್ಯಾಮ್. ಮಾನಿಟರ್ ಮಾತ್ರ ಅಣ್ಣನ ಹಳೇದು, 22 ಇಂಚು, 60 ಹರ್ಟ್ಸ್ (ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವಂಥದ್ದು). ಆಯುಧಪೂಜೆಗೆ ಅಮ್ಮ ಇಟ್ಟ ಕುಂಕುಮ ಇನ್ನೂ ಅದರ ಮೂಲೆಯಲ್ಲಿದೆ. ಇಷ್ಟು ದಿನ ಆರಾಮಾಗಿ ಆಡಿಕೊಂಡಿದ್ದೆ. ಹೋದ ವಾರ ಮೈಸೂರಿಗೆ ಹೋದವನು ಕುವೆಂಪುನಗರದ ಗೆಳೆಯನ ರೂಮಿನಲ್ಲಿ 165 ಹರ್ಟ್ಸ್ ಮಾನಿಟರಿನಲ್ಲಿ ಎರಡು ಗಂಟೆ ವ್ಯಾಲೊರಂಟ್ ಅನ್ನುವ ಶೂಟಿಂಗ್ ಗೇಮ್ ಆಡಿದೆ, ಅಷ್ಟೇ, ಮನೆಗೆ ಬಂದು ನನ್ನದನ್ನು ಆನ್ ಮಾಡಿದರೆ ಮೌಸ್ ಮುದ್ದೆಯೊಳಗೆ ಸಿಕ್ಕಿಕೊಂಡ ಹಾಗೆ ಅನಿಸುತ್ತಿದೆ.

ಬಜೆಟ್ 15 ಸಾವಿರ, ಎಳೆದಾಡಿದರೆ 18. 27 ಇಂಚಿನ 1440ಪಿ (ಜಾಸ್ತಿ ಪಿಕ್ಸೆಲ್ ಇರುವುದು) ತಗೊಂಡು ಒಂದೇ ಸಲಕ್ಕೆ ಮುಗಿಸಿಬಿಡಲಾ, 24ರ 1080ಪಿ ಸಾಕಾ, ಇಲ್ಲಾ ಸುಮ್ನೆ ಇರಲಾ? ಜಾಸ್ತಿ ಆಡುವುದು ವ್ಯಾಲೊರಂಟ್, ರಜೆಯಲ್ಲಿ ಜಿಟಿಎ 5.

ಫ್ರೇಮ್_ಮೇಷ್ಟ್ರು
ಮೊದಲು ಖರ್ಚಿಲ್ಲದ ಕೆಲಸ ಮಾಡಿ. ವಿ-ಸಿಂಕ್ (ಫ್ರೇಮುಗಳನ್ನು ಮಾನಿಟರಿನ ವೇಗಕ್ಕೆ ಕಟ್ಟಿಹಾಕುವ ಸೆಟ್ಟಿಂಗ್) ಆಫ್ ಮಾಡಿ, ಫ್ರೇಮ್ ಲಿಮಿಟ್ ತೆಗೆದು, ಎಫ್‌ಪಿಎಸ್ (ಸೆಕೆಂಡಿಗೆ ಕಾರ್ಡು ಕೊಡುವ ಫ್ರೇಮ್, ಅಂದರೆ ಚಿತ್ರ) ಎಷ್ಟು ಬರುತ್ತಿದೆ ನೋಡಿ. ಪ್ರಾಕ್ಟೀಸ್ ರೇಂಜಿನಲ್ಲಲ್ಲ, ನಿಜವಾದ ಮ್ಯಾಚಿನಲ್ಲಿ ಹತ್ತೂ ಜನ ಒಂದೇ ಕಡೆ ನುಗ್ಗಿ ಹೊಗೆ ಬಿಟ್ಟಾಗ. 60 ಹರ್ಟ್ಸ್ ಮಾನಿಟರ್ 16.7 ಮಿಲಿಸೆಕೆಂಡಿಗೆ ಒಂದು ಸಲ ಚಿತ್ರ ಬದಲಿಸುತ್ತದೆ, 144 ಆದರೆ 6.9ಕ್ಕೆ. ಕಾರ್ಡು 150 ಕೊಡುತ್ತಿದ್ದರೆ ನೀವು ಅರ್ಧಕ್ಕಿಂತ ಜಾಸ್ತಿ ಕಳೆದುಕೊಳ್ಳುತ್ತಿದ್ದೀರಿ, ಮಾನಿಟರ್ ತಗೊಳ್ಳಿ. ಕಾರ್ಡೇ 70 ಕೊಡುತ್ತಿದ್ದರೆ ಬೇಡ. ಕಟ್ಟೆಯಲ್ಲಿ ನೀರಿಲ್ಲದಿದ್ದರೆ ನಾಲೆ ಅಗಲ ಮಾಡಿ ಏನು ಬಂತು, ಮಂಡ್ಯದವರಿಗೆ ಇದನ್ನು ನಾನು ಹೇಳಬೇಕಾ!

ಇನ್ನೊಂದು, 8 ಜಿಬಿ ಒಂದೇ ಸ್ಟಿಕ್ಕಾ? ಹಾಗಿದ್ದರೆ ಅದೇ ಥರದ ಇನ್ನೊಂದು ಹಾಕಿ. ವ್ಯಾಲೊರಂಟ್ ಗ್ರಾಫಿಕ್ಸ್ ಕಾರ್ಡಿಗಿಂತ ಪ್ರೊಸೆಸರನ್ನು ಜಾಸ್ತಿ ದುಡಿಸುವ ಗೇಮ್, ಎರಡು ಸ್ಟಿಕ್ ಇದ್ದರೆ ಪ್ರೊಸೆಸರಿಗೆ ಡೇಟಾ ಎರಡು ದಾರಿಯಲ್ಲಿ ಬರುತ್ತದೆ.

ಒಂಟಿಕೊಪ್ಪಲು_ಬಾಯ್
27ರ 1440ಪಿ ಕಡೆ ತಲೆ ಹಾಕಲೇಬೇಡಿ ಗುರೂ. ನಾನೂ 1650 ಇಟ್ಟುಕೊಂಡೇ ಹಾರಿದವನು. 1080ಪಿ ಅಂದರೆ ಹತ್ತಿರ ಹತ್ತಿರ 21 ಲಕ್ಷ ಪಿಕ್ಸೆಲ್, 1440ಪಿ ಅಂದರೆ 37 ಲಕ್ಷ, ಎಳೆಯಬೇಕಾದ ಕಾರ್ಡು ಮಾತ್ರ ಅದೇ 4 ಜಿಬಿ ಮೆಮೊರಿಯದು. ಜಿಟಿಎಯಲ್ಲಿ ಒಂದೊಂದೇ ಸೆಟ್ಟಿಂಗ್ ಇಳಿಸುತ್ತಾ ಇಳಿಸುತ್ತಾ ಕೊನೆಗೆ ಮನುಷ್ಯರೆಲ್ಲ ಜೇಡಿಮಣ್ಣಿನ ಗೊಂಬೆ ಆದರು. ಗೇಮನ್ನೇ 1080ಪಿಗೆ ಇಳಿಸಿದೆ, ಆಗ ಎಲ್ಲಾ ಮಸುಕು.

ಹಾಗಂತ 27ರಲ್ಲಿ 1080ಪಿ ತಗೊಳ್ಳಬೇಡಿ. 24ರಲ್ಲಿ ಇಂಚಿಗೆ 92 ಪಿಕ್ಸೆಲ್ ಇದ್ದರೆ 27ರಲ್ಲಿ 82ಕ್ಕೆ ಇಳಿಯುತ್ತದೆ. ಗೇಮಲ್ಲಿ ಹೇಗೋ ನಡೆಯುತ್ತದೆ, ಕನ್ನಡ ಓದಲು ಕೂತರೆ ಒತ್ತಕ್ಷರ ಎಲ್ಲಾ ಕಲಸಿಹೋಗುತ್ತದೆ.

ಅಂಗಡಿಯಲ್ಲೇ ಡಬ್ಬ ತೆಗೆಸಿ ನೋಡಿ, ದಯವಿಟ್ಟು. ನನ್ನದರಲ್ಲಿ ನಟ್ಟನಡುವೆ ಒಂದು ಪಿಕ್ಸೆಲ್ ಸತ್ತಿತ್ತು. ಮನೆಗೆ ಬಂದ ಮೇಲೆ ಕಂಡಿತು, ವಾಪಸ್ ತಗೊಂಡು ಹೋದರೆ "ಒಂದೆರಡು ಹೋದರೆ ವಾರಂಟಿ ಬರಲ್ಲ ಸರ್" ಅಂದರು. ಪೂರ್ತಿ ಬಿಳಿ, ಕಪ್ಪು, ಕೆಂಪು ಚಿತ್ರ ಹಾಕಿಸಿ ಮೂಲೆ ಮೂಲೆ ನೋಡಿ. ಅಂಗಡಿಯವನು ಮುಖ ಗಂಟಿಕ್ಕಲಿ ಬಿಡಿ.

ಕಾವೇರಿ_ಪಿಂಗ್
ನನ್ನ ಓಟು 24 ಇಂಚಿನ, ಐಪಿಎಸ್ ಅನ್ನುವ ಬಗೆಯ ಪ್ಯಾನೆಲ್‌ಗೆ, 15 ಸಾವಿರದೊಳಗೇ ಸಿಗುತ್ತದೆ. ಇನ್ನೊಂದು ಬಗೆಯಾದ ವಿಎ ಪ್ಯಾನೆಲ್‌ನಲ್ಲಿ ಕಪ್ಪು ಚೆನ್ನಾಗಿ ಬರುತ್ತದೆ, ಒಪ್ಪಿದೆ, ಆದರೆ ಅಗ್ಗದ ವಿಎಯಲ್ಲಿ ಕತ್ತಲೆ ಜಾಗದಲ್ಲಿ ಏನಾದರೂ ಓಡಿದರೆ ಹಿಂದೆ ಮಸಿ ಒರೆಸಿದ ಹಾಗೆ ಗೆರೆ ಬೀಳುತ್ತದೆ. ಡಬ್ಬದ ಮೇಲಿನ "1 ಎಂಎಸ್" ನೋಡಿ ಮರುಳಾಗಬೇಡಿ, ಕೆಳಗೆ ಸಣ್ಣ ಅಕ್ಷರದಲ್ಲಿ ಎಂಪಿಆರ್‌ಟಿ ಅಂತಿದ್ದರೆ ಅದು ಬೇರೆ ಲೆಕ್ಕ, ಪಿಕ್ಸೆಲ್ ಬಣ್ಣ ಬದಲಿಸುವ ವೇಗ ಅಲ್ಲ, ಒಂದೊಂದು ಚಿತ್ರ ಪರದೆಯಲ್ಲಿ ಎಷ್ಟು ಹೊತ್ತು ಕಾಣುತ್ತದೆ ಅನ್ನುವುದು.

ಡಿಸ್ಪ್ಲೇಪೋರ್ಟ್ ಕೇಬಲ್ ಹಾಕಿ. 2019ರಿಂದ ಎನ್ವಿಡಿಯಾ ಕಾರ್ಡುಗಳು ಅಡಾಪ್ಟಿವ್ ಸಿಂಕ್ (ಕಾರ್ಡು ಕೊಡುವ ಫ್ರೇಮಿಗೆ ತಕ್ಕಂತೆ ಮಾನಿಟರ್ ತನ್ನ ವೇಗ ಬದಲಿಸುವುದು) ಇರುವ ಮಾಮೂಲಿ ಮಾನಿಟರಿನ ಜೊತೆಗೂ ಹೊಂದಿಕೊಳ್ಳುತ್ತವೆ, 1650 ಕೂಡ. ಜಿಟಿಎಯಲ್ಲಿ ಫ್ರೇಮ್ ಮೇಲೆ ಕೆಳಗೆ ಆದಾಗ ಚಿತ್ರ ಹರಿದ ಹಾಗೆ ಕಾಣುವುದು ನಿಲ್ಲುತ್ತದೆ.

ಆಮೇಲೆ ವಿಂಡೋಸ್‌ನಲ್ಲಿ ಅಡ್ವಾನ್ಸ್ಡ್ ಡಿಸ್ಪ್ಲೇಗೆ ಹೋಗಿ 144 ಅಂತ ಆರಿಸಿ. ನಗಬೇಡಿ, ನಾನು ಎಂಟು ತಿಂಗಳು ಹೊಸ ಮಾನಿಟರನ್ನು 60ರಲ್ಲೇ ಓಡಿಸಿದ್ದೆ, "ಆಹಾ ಎಷ್ಟು ಸ್ಮೂತ್" ಅಂತ ಊರಿಗೆಲ್ಲಾ ಹೇಳಿಕೊಂಡು.

ಕಬ್ಬಿನಗದ್ದೆ_ಗೇಮರ್ (ಮಂಡ್ಯ)
ಎಲ್ಲರಿಗೂ ಥ್ಯಾಂಕ್ಸ್. ಇವತ್ತು ನೋಡಿದೆ. ವ್ಯಾಲೊರಂಟ್‌ನಲ್ಲಿ 150ರಿಂದ 170, ಜಗಳ ಜೋರಾದಾಗ 95ಕ್ಕೆ ಬೀಳುತ್ತದೆ. ಜಿಟಿಎ 70ರ ಆಸುಪಾಸು. ರ‍್ಯಾಮ್ ಒಂದೇ ಸ್ಟಿಕ್, ಮೇಷ್ಟ್ರು ಸರಿಯಾಗೇ ಹಿಡಿದರು. ಈ ತಿಂಗಳು ಸ್ಟಿಕ್, ಮುಂದಿನ ತಿಂಗಳು 24ರ ಐಪಿಎಸ್. ಹಳೇದನ್ನು ಮಾರಬೇಡ ಅಂತ ಅಮ್ಮ ಹೇಳಿದ್ದಾರೆ, ಪಕ್ಕದಲ್ಲಿ ಇಟ್ಟುಕೊಂಡರೆ ಆಯಿತು. ಒಂದೇ ಚಿಂತೆ, ಮೈಸೂರಿಂದ ಬಸ್ಸಿನಲ್ಲಿ ತರಬಹುದಾ?

ಒಂಟಿಕೊಪ್ಪಲು_ಬಾಯ್
ತರಬಹುದು, ಡಿಕ್ಕಿಗೆ ಮಾತ್ರ ಹಾಕಬೇಡಿ. ಕಿಟಕಿ ಸೀಟು ಹಿಡಿದು ಡಬ್ಬವನ್ನು ನೆಟ್ಟಗೆ ಕಾಲ ಮಧ್ಯೆ ನಿಲ್ಲಿಸಿಕೊಳ್ಳಿ, ಮಲಗಿಸಬೇಡಿ. ಶ್ರೀರಂಗಪಟ್ಟಣದಲ್ಲಿ ರಶ್ ಹತ್ತುತ್ತದೆ, ಯಾರಾದರೂ ಅದರ ಮೇಲೆ ಚೀಲ ಇಡಲು ಬರುತ್ತಾರೆ, ಆಗ ನಿದ್ದೆ ಮಾಡಬೇಡಿ.