ಸಹಾಯ ಬೇಕು: ಹಳೆಯ 16 ಎಂ.ಎಂ. ರೀಲುಗಳ ಸ್ಕ್ಯಾನಿಂಗ್
ನಮ್ಮ ಸಾಕ್ಷ್ಯಚಿತ್ರ ಬಳಗದ ಹಿರಿಯ ಸದಸ್ಯರೊಬ್ಬರು ತಾವೇ ತೆಗೆದ ಹಳೆಯ 16 ಎಂ.ಎಂ. ರೀಲುಗಳನ್ನು ಬಳಗಕ್ಕೆ ಕೊಟ್ಟಿದ್ದಾರೆ. ಮುಂದಿನ ಪ್ರದರ್ಶನದಲ್ಲಿ ತೋರಿಸುವ ಆಸೆ. ಆದರೆ ಕೆಲವು ಡಬ್ಬಿ ತೆರೆದರೆ ವಿನೆಗರ್ ವಾಸನೆ! ಅಸಿಟೇಟ್ (ಒಂದು ಬಗೆಯ ಪ್ಲಾಸ್ಟಿಕ್) ಫಿಲ್ಮ್ ಹಾಳಾಗುತ್ತಿರುವ ಲಕ್ಷಣ ಇದು, ಪಕ್ಕದ ರೀಲಿಗೂ ಹಬ್ಬುತ್ತದೆ. ಅವನ್ನು ಬೇರೆ ಇಟ್ಟಿದ್ದೇವೆ. ಫಿಲ್ಮ್ ಕುಗ್ಗಿದೆ, ಪ್ರೊಜೆಕ್ಟರಿಗೆ ಹಾಕಿದರೆ ಅಂಚಿನ ತೂತುಗಳು ಹರಿಯಬಹುದು. ಹಾಗಾಗಿ ‘ಸುಮ್ನೆ ಗೋಡೆ ಮೇಲೆ ಓಡಿಸಿ ಮೊಬೈಲಲ್ಲಿ ರೆಕಾರ್ಡ್ ಮಾಡಿ’ ಅನ್ನೋ ಸಲಹೆ ದಯವಿಟ್ಟು ಬೇಡ.

ಸ್ಪ್ರಾಕೆಟ್ ಹಲ್ಲು (ಅಂಚಿನ ತೂತುಗಳಿಗೆ ಸಿಕ್ಕಿ ಫಿಲ್ಮ್ ಎಳೆಯುವ ಚಕ್ರದ ಹಲ್ಲು) ಇಲ್ಲದ ಸ್ಕ್ಯಾನರ್ ಯಾರ ಹತ್ತಿರವಾದರೂ ಇದೆಯಾ? ಇಂಥ ಕುಗ್ಗಿದ ಫಿಲ್ಮ್ ಸ್ಕ್ಯಾನ್ ಮಾಡಿದ ಅನುಭವ ಇರುವವರು ಗೊತ್ತಾ? ಧ್ವನಿಯೂ ಫಿಲ್ಮಿನ ಅಂಚಿನಲ್ಲೇ ಇದೆ, ಅದೂ ಬೇಕು. ಹಣ ಜಾಸ್ತಿ ಇಲ್ಲ, ಆದರೆ ಕೆಲಸದ ಖರ್ಚು ಖಂಡಿತ ಕೊಡುತ್ತೇವೆ. ಗೊತ್ತಿದ್ದವರು ಇಲ್ಲೇ ತಿಳಿಸಿ.